ಅಜ್ಜಿಗೆ ಟಿವಿ ಆರಿಸಿದ ಸಂಜೆ

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ಟಿವಿ ಎಂದರೆ ಗೋಡೆಗೆ ತೂಗುಹಾಕುವ ಹಲಗೆಯಲ್ಲ, ಇಬ್ಬರು ಸೇರಿ ಎತ್ತಬೇಕಾದ ಪೆಟ್ಟಿಗೆ. ಹರಿಹರದ ನಮ್ಮ ಮನೆಯಲ್ಲಿ ಅದು ಇರಲಿಲ್ಲ. ಸಂಜೆಯಾದರೆ ನಾನು, ಅಕ್ಕ ಮತ್ತು ಅಪ್ಪನ ತಾಯಿಯಾದ ಅಜ್ಜಿ ಪಕ್ಕದ ಮನೆಗೆ ಹೋಗುತ್ತಿದ್ದೆವು. ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ಅಲುಗುವುದನ್ನು ನೋಡಿಯೇ ಮಾತನ್ನು ತಿಳಿದುಕೊಳ್ಳುತ್ತಿದ್ದಳು.

ಆ ಮನೆಯಾಕೆ ನಮ್ಮನ್ನು ಬಾಗಿಲ ಬಳಿ, ಒದ್ದೆ ಚಪ್ಪಲಿಗಳ ನಾತದ ನಡುವೆ ಕೂರಿಸುತ್ತಿದ್ದಳು. ಅಷ್ಟು ದೂರದಿಂದ ಅಜ್ಜಿಗೆ ಟಿವಿಯಲ್ಲಿ ಯಾರ ತುಟಿಯೂ ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ಸಂಜೆ ಅವಳು ಮೆಲ್ಲಗೆ ತೆವಳಿಕೊಂಡು ಮುಂದೆ ಸರಿದಳು.

"ಕೇಳಂಗಿಲ್ಲ ಏನಿಲ್ಲ, ಮುಂದ್ ಬಂದು ಏನ್ ಮಾಡ್ತೀಯಮ್ಮ? ಹಿಂದಕ್ ಸರಿ" ಎಂದು ಆಕೆ ಎಲ್ಲರೆದುರು ಗದರಿದಳು.

ಅಜ್ಜಿ ಅವತ್ತು ಊಟಕ್ಕೆ ಏಳಲಿಲ್ಲ. ಅಕ್ಕ ನಡೆದದ್ದನ್ನೆಲ್ಲ ಅಪ್ಪನಿಗೆ ಹೇಳಿದಳು. ಅಪ್ಪ, "ನಾಳೆ ಟಿವಿ ತರಾಕ ದಾವಣಗೆರೆಗೆ ಹೋಗಣ. ಅವ್ವನೂ ಬರ್ಲಿ. ನೋಡೋದು ಆಕಿ, ಆರ್ಸೋದೂ ಆಕೀನೇ ಆಗ್ಲಿ" ಅಂದ.

ಮರುದಿನ ಸಂಜೆ ನಾವು ನಾಲ್ವರೂ ಬಸ್ಸಿಳಿದು ಗಾಜಿನ ಬಾಗಿಲಿನ ಒಂದು ದೊಡ್ಡ ಅಂಗಡಿಗೆ ಹೋದೆವು. ಒಳಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ, ಅದರ ಮೇಲೆ ಊದುಬತ್ತಿಯ ಘಾಟು. ಸಾಲು ಸಾಲು ಟಿವಿಗಳಲ್ಲಿ ಒಂದೇ ಕ್ಯಾಸೆಟ್ ಓಡುತ್ತಿತ್ತು. ಕಣ್ಣು ಉರಿಯುವಷ್ಟು ಕೆಂಪಾದ ಹೂಗಳು, ಬಣ್ಣಬಣ್ಣದ ಮೀನುಗಳು. ಎಣ್ಣೆ ಸುರಿಯುವ ತಲೆಯ ಸೇಲ್ಸ್‌ಮನ್ ಓಡಿ ಬಂದ. ಅವನ ದವಡೆಯಲ್ಲಿ ಎಲೆಅಡಿಕೆ ಇತ್ತು. ಮಾತಾಡಿದಾಗಲೆಲ್ಲ ತುಟಿಯಂಚಿಗೆ ಕೆಂಪು ಜೊಲ್ಲು ಬಂದು ನಿಲ್ಲುತ್ತಿತ್ತು. ಅದನ್ನು ಅಂಗೈಯಿಂದ ಒರೆಸಿ, ಅದೇ ಕೈಯಲ್ಲಿ ನನ್ನ ಕೆನ್ನೆ ಹಿಂಡಿದ.

"ಬರ್ರಿ ಸಾಹೇಬ್ರ, ಕೂಡ್ರಿ. ಅಸ್ಲಿ ಕಲರ್ ಅಂದ್ರ ಇದು ನೋಡ್ರಿ" ಎಂದು ಎಲ್ಲಕ್ಕಿಂತ ದೊಡ್ಡ ಟಿವಿಯ ಬೆನ್ನು ತಟ್ಟಿದ.

ಅಪ್ಪ ಪಕ್ಕದಲ್ಲಿದ್ದ ಸಣ್ಣ ಟಿವಿಯನ್ನು ತೋರಿಸಿ, "ಇದು ಹೆಂಗೈತಿ?" ಎಂದ.

"ಅಯ್ಯ, ಅದು ಬರೀ ಡಬ್ಬಿ. ನೀವೇ ನೋಡ್ರಿ."

ನಿಜವಾಗಿಯೂ ಸಣ್ಣ ಟಿವಿಯ ಚಿತ್ರ ಪಾತ್ರೆ ತೊಳೆದ ನೀರಿನಂತೆ ಕಲಸಿಕೊಂಡಿತ್ತು. ಆದರೆ ಆಗಷ್ಟೇ ಅದು ಚೆನ್ನಾಗಿತ್ತು! ಅವನು ಮಾತಾಡುತ್ತಲೇ ಒಂದು ಕೈಯನ್ನು ಅದರ ಹಿಂದೆ ಹಾಕಿ ಗುಂಡಿ ತಿರುಗಿಸಿದ್ದನ್ನು ನಾನು ನೋಡಿದ್ದೆ. ಅಕ್ಕನೂ ನೋಡಿದ್ದಳು. ಅವಳು ಎದ್ದು ಹೋಗಿ ಗುಂಡಿಯನ್ನು ವಾಪಸ್ ತಿರುಗಿಸಿದಳು. ಚಿತ್ರ ತಿಳಿಯಾಯಿತು.

"ಏ ಹುಡುಗಿ, ಮುಟ್ಟಬ್ಯಾಡ!" ಎಂದು ಅವನು ಅಕ್ಕನ ಕೈ ಹಿಡಿದು ಜಾಡಿಸಿದ.

ಅಪ್ಪನ ಮುಖ ಬಿಗಿಯಿತು. "ಕೈ ಬಿಡ್ರಿ. ಮದ್ಲು ಆ ಕ್ಯಾಸೆಟ್ ಬಂದ್ ಮಾಡ್ರಿ. ಆಂಟೆನಾ ಹಚ್ಚಿ ವಾರ್ತೆ ತೋರಿಸ್ರಿ."

ಅವನು ಗೊಣಗುತ್ತಲೇ ಹಚ್ಚಿದ. ದೊಡ್ಡ ಟಿವಿಯಲ್ಲಿ ವಾರ್ತೆ ಓದುವಾಕೆಯ ಮುಖ ಬಿಸಿನೀರು ಸುರಿದಂತೆ ಕೆಂಪಾಗಿ, ಪಕ್ಕದಲ್ಲೇ ಅದರ ನೆರಳೂ ಮೂಡಿತು. ಸಣ್ಣದರಲ್ಲಿ ಮುಖ ಮುಖದ ಹಾಗೆಯೇ ಇತ್ತು. ಅವನಿಗೆ ನಾಚಿಕೆಯಾಗಲಿಲ್ಲ. "ನಾನೂ ಅದನ್ನೇ ಹೇಳಾಕತ್ತಿದ್ದೆ ಸಾಹೇಬ್ರ. ಸಣ್ಣದೇ ಚಲೋ ಮಾಲು" ಎಂದು ಹಲ್ಲು ಕಿರಿದ. ಆಮೇಲೆ ಜೊತೆಗಾರನ ಕಡೆ ತಿರುಗಿ ಏನನ್ನೋ ಪಿಸುಗುಟ್ಟಿದ. ಅದು ನಮಗೆ ಕೇಳಿಸಲಿಲ್ಲ.

ಆದರೆ ಅಜ್ಜಿ ಕುರ್ಚಿಯಿಂದ ಎದ್ದು ನಿಂತಳು. ಕಿವಿ ಕೇಳದವರ ದನಿ ದೊಡ್ಡದು. ಇಡೀ ಅಂಗಡಿಗೆ ಕೇಳುವಂತೆ ಅವಳು ಹೇಳಿದಳು: "ಕಿವುಡಿಗೆ ಯಾವುದಾದ್ರೇನು, ಒಂದು ತಲಿಗೆ ಕಟ್ಟಿ ಕಳಿಸು ಅಂದಿ ಅಲ್ಲೇನೋ? ನನಗ ಕಿವಿ ಹೋಗ್ಯಾವ, ಕಣ್ಣು ಇನ್ನೂ ಅದಾವ!"

ಅವನು ಬಾಯಲ್ಲಿದ್ದದ್ದನ್ನು ಗಟಕ್ಕನೆ ನುಂಗಿ, "ತಮಾಷಿಗೆ ಅಂದೆ ಅಜ್ಜಿ" ಎಂದು ಕೆಂಪು ಹಲ್ಲು ಬಿಟ್ಟು ನಕ್ಕ. ಅವನು ಹಿಂಡಿದ್ದ ಕೆನ್ನೆಯನ್ನು ನಾನು ಅಂಗಿಯ ತೋಳಿನಿಂದ ಉಜ್ಜಿಕೊಂಡೆ. ಆ ನಗುವನ್ನು ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ಅಪ್ಪ ನಮ್ಮನ್ನು ಹೊರಗೆ ಕರೆದುಕೊಂಡು ಬಂದ. "ಆ ಸಣ್ಣದು ಚೆನ್ನಾಗಿತ್ತಲ್ಲಪ್ಪ" ಅಂದಳು ಅಕ್ಕ.

"ಚೆನ್ನಾಗೈತಿ. ಆದ್ರ ಅವನ ಕೈಯಾಗಿಂದು ಬ್ಯಾಡ. ದಿನಾ ಟಿವಿ ಹಚ್ಚಿದಾಗ ಅವನ ಬಾಯೇ ಕಾಣ್ತತಿ."

ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ಅಂಗಡಿಯಿತ್ತು. ಅಲ್ಲಿಯ ಯಜಮಾನ ಅಜ್ಜಿಯನ್ನು ಟಿವಿಗಳ ಮುಂದೆಯೇ ಕೂರಿಸಿ, ವಾರ್ತೆ ಹಚ್ಚಿಟ್ಟು ತನ್ನ ಕೆಲಸಕ್ಕೆ ಹೋದ. ಅಜ್ಜಿ ಒಂದೊಂದನ್ನೂ ಸಾವಕಾಶವಾಗಿ ನೋಡಿ, ಕೊನೆಗೆ ಒಂದು ಕಪ್ಪು-ಬಿಳುಪು ಟಿವಿಯ ಮುಂದೆ ನಿಂತುಬಿಟ್ಟಳು. "ಬಣ್ಣದ್ರಾಗ ತುಟಿ ಕಲಸಿಹೋಗ್ತತಿ. ಇದ್ರಾಗ ಹಲ್ಲಿನ ಸಂದೀನೂ ಕಾಣ್ತತಿ" ಎಂದಳು. ಆಮೇಲೆ ನಮ್ಮ ಕಡೆ ತಿರುಗಿ, "ನಾಳೆ ಮಳಿ ಬರ್ತತಂತ!" ಎಂದು ಕೂಗಿದಳು. ಅಷ್ಟು ವರ್ಷಗಳಲ್ಲಿ ಅಜ್ಜಿ ನಮಗೆ ಸುದ್ದಿ ಹೇಳಿದ್ದು ಅದೇ ಮೊದಲು. ಬಣ್ಣದ ಟಿವಿಯ ಆಸೆ ಹೊತ್ತು ಬಂದಿದ್ದ ಅಕ್ಕ ತಾನೇ ಮುಂದೆ ಹೋಗಿ ಆ ಪೆಟ್ಟಿಗೆಯನ್ನೇ ಕಟ್ಟಿಸಿದಳು.

ಹೋದ ತಿಂಗಳು ನಿಮ್ಮ ಮನೆಗೂ ಹೊಸ ಟಿವಿ ಬಂತು. ನೀವು ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತಲಿಲ್ಲ. ಫೋನಿನಲ್ಲಿ ಚಿತ್ರ ನೋಡಿದಿರಿ, ಕೊಂಡವರು ಕೊಟ್ಟ ನಕ್ಷತ್ರ ನೋಡಿದಿರಿ, ಯಾರೋ ಬರೆದ ಹೊಗಳಿಕೆ ಓದಿ ಅಲ್ಲೇ ಆರ್ಡರ್ ಮಾಡಿದಿರಿ. ಪೆಟ್ಟಿಗೆ ಬಿಚ್ಚಿ ಹಚ್ಚಿದರೆ ಎಲ್ಲರ ಮುಖವೂ ಮೇಣ ಬಳಿದಂತೆ ಜಿಡ್ಡುಜಿಡ್ಡು. ದೂರು ಕೊಟ್ಟಿರಿ. "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದು ಯಾವುದೋ ಯಂತ್ರ ನಾಲ್ಕು ಸಲ ಉತ್ತರ ಕೊಟ್ಟಿತು. ಸಿಟ್ಟು ತಡೆಯಲಾರದೆ ನೀವು ಸೋಫಾದ ದಿಂಬನ್ನು ಗುದ್ದುತ್ತ ಕೂತಿದ್ದಿರಿ. ಪಾಪ ಅನ್ನಿಸಿತು. ಅಸಹ್ಯಪಡಲು ನಮಗೆ ಆ ಎಲೆಅಡಿಕೆಯವನ ಮುಖವಾದರೂ ಇತ್ತು.