ಭಾನುವಾರದ ಜಪಾನಿ ಮಾತು

ಇವತ್ತು ಬೆಳಿಗ್ಗೆ ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತಿದ್ದೆ. ಅದು ಸುಲಭದ ಕೆಲಸ ಎಂದು ನೀವು ತಿಳಿದಿದ್ದರೆ, ನಿಮ್ಮ ಮನೆಯಲ್ಲಿ ಅದನ್ನು ಬೇರೆ ಯಾರೋ ಮಾಡುತ್ತಿದ್ದಾರೆ ಎಂದು ಅರ್ಥ. ಉರಿ ಸಣ್ಣದಿರಬೇಕು, ಕೈ ನಿಲ್ಲಬಾರದು, ಸಿಪ್ಪೆ ಚಟಪಟ ಎನ್ನುವ ಹೊತ್ತಿಗೆ ಫೋನು ಎತ್ತಬಾರದು. ನಾನು ಎತ್ತಿದೆ. ಹಾಗಾಗಿ ತೆಲುಗು ಸೀಮೆಯ ಈ ಕಡಲೂರಿನ ಎಂವಿಪಿ ಕಾಲೋನಿಯ ನಮ್ಮ ಮನೆಯಲ್ಲಿ ಈಗ ಅರ್ಧ ಹುರಿದ ಘಮ, ಅರ್ಧ ಸೀದ ವಾಸನೆ. ವಿಜಯವಾಡದ ಹುಡುಗಿಯೊಬ್ಬಳು ಮುಂದಿನ ವಾರ ಜಪಾನಿಗೆ ಹೊರಟಿದ್ದಾಳೆ. ಅವಳ ಪೆಟ್ಟಿಗೆಯಲ್ಲಿ ಒಂದು ಪೊಟ್ಟಣಕ್ಕೆ ಜಾಗ ಕೇಳಿಕೊಂಡಿದ್ದೇನೆ. ಪೊಟ್ಟಣ ಮುಟ್ಟಬೇಕಾದದ್ದು ಅಲ್ಲಿರುವ ನನ್ನ ಹೆಂಡತಿ ಗಿರಿಜಾಗೆ. ನಾವಿಬ್ಬರೂ ಚಳ್ಳಕೆರೆ ಕಡೆಯವರು. ಶೇಂಗಾ ಚಟ್ನಿಪುಡಿ ಇಲ್ಲದ ಊಟವನ್ನು ನಾವು ಊಟ ಎಂದು ಒಪ್ಪುವುದಿಲ್ಲ.

ನ್ಯಾಯವಾಗಿ ಈ ಘಮಕ್ಕೆ ನನಗೆ ಚಳ್ಳಕೆರೆ ನೆನಪಾಗಬೇಕು. ನೆನಪಾಗುವುದು ವಿಜಯವಾಡ. ಅಲ್ಲೊಂದು ಕಾಂಪೌಂಡು, ಅದರೊಳಗೆ ಒಂದು ಬಾದಾಮಿ ಮರ, ಮರದ ಕೆಳಗೆ ಸಿಮೆಂಟಿನ ಬೆಂಚು. ಬೆಂಚಿನ ಮೇಲೆ ಒಬ್ಬ ಗಂಡ, ಒಬ್ಬಳು ಹೆಂಡತಿ, ಇಬ್ಬರೂ ಮದುವೆಯಾಗಿ ಆರು ವರ್ಷವಾದವರು, ಒಂದನೇ ತರಗತಿಯ ಮಕ್ಕಳ ಹಾಗೆ ನೆಟ್ಟಗೆ ಕೂತು ಜಪಾನಿ ಭಾಷೆ ಮಾತಾಡುತ್ತಿದ್ದಾರೆ. ಆ ಬೆಂಚಿಗೆ ವಾಪಸು ಹೋಗಬೇಕು ಅನ್ನಿಸುತ್ತದೆ. ಎಷ್ಟೋ ಸಲ ಅನ್ನಿಸುತ್ತದೆ.

ಮೊದಲಿನಿಂದ ಹೇಳುತ್ತೇನೆ. ನಾನು ದುವ್ವಾಡದ ಕಡೆ ಒಂದು ಔಷಧಿ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದೇನೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಮನೆಯಲ್ಲೂ ಅದನ್ನು ಬಿಡುವುದಿಲ್ಲ ಎಂಬುದು ಗಿರಿಜಾಳ ದೂರು. ಅವಳು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು.

"ರೀ, ಜಪಾನಿನಾಗೆ ವಯಸ್ಸಾದೋರ್ನ ನೋಡ್ಕಳಾಕೆ ನರ್ಸುಗಳು ಬೇಕಂತೆ. ಮೊದ್ಲು ವಿಜಯವಾಡದಾಗೆ ಟ್ರೈನಿಂಗು. ಹೋಗ್ಲಾ?"

ನಾನು ವಿಶಾಲ ಮನಸ್ಸಿನವನು ಎಂದು ನನ್ನ ಬಗ್ಗೆ ನನಗೊಂದು ಅಭಿಪ್ರಾಯವಿತ್ತು. ಆ ಅಭಿಪ್ರಾಯವೇ ನನಗಿಂತ ಮೊದಲು ಬಾಯಿ ಹಾಕಿ "ಹೋಗು, ಅದ್ರಾಗೇನೈತೆ" ಅಂದುಬಿಟ್ಟಿತು. ಆ ವೀಸಾದಲ್ಲಿ ಗಂಡನನ್ನು ಕರೆದುಕೊಂಡು ಹೋಗುವ ಹಾಗಿಲ್ಲ, ಮೂರು ವರ್ಷ ಒಬ್ಬಳೇ ಇರಬೇಕು ಎಂಬುದು ಆಮೇಲೆ ಗೊತ್ತಾಯಿತು. ಅಷ್ಟು ಹೊತ್ತಿಗೆ ಆಡಿದ ಮಾತನ್ನು ನುಂಗುವಂತಿರಲಿಲ್ಲ. ಆದರೂ ಒಂದು ದಿನ, ಯಾಕೆ ಹೋಗಬೇಕು ಅನ್ನಿಸುತ್ತದೆ ನಿನಗೆ ಎಂದು ಕೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು. "ಒಂದ್ಸಲ ನಾನೊಬ್ಳೇ ಏನಾರ ಮಾಡಿ ನೋಡ್ಬೇಕು ಕಣ್ರೀ." ನಾನೂ ಒಂದು ಕಟ್ಟು ಎಳೆದುಕೊಂಡು ಸೊಪ್ಪು ಬಿಡಿಸಲು ಕೂತೆ.

ವಿಜಯವಾಡದ ಆ ತರಬೇತಿ ಕೇಂದ್ರದಲ್ಲೇ ಊಟ, ಅಲ್ಲೇ ವಾಸ. ಗೇಟಿನೊಳಗೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಜಪಾನಿ ಬಿಟ್ಟು ಬೇರೆ ಭಾಷೆ ಆಡಬಾರದು. ಫೋನುಗಳೆಲ್ಲ ಮೇಷ್ಟರ ಬೀರುವಿನಲ್ಲಿ. ಜಪಾನಿನಲ್ಲಿ ಮೇಷ್ಟರಿಗೆ ಸೆನ್ಸೆ ಅನ್ನುತ್ತಾರೆ. ಈ ಸೆನ್ಸೆ ಗುಂಟೂರು ಕಡೆಯವರು, ಬಹಳ ವರ್ಷ ಅಲ್ಲಿದ್ದು ಬಂದವರು. ಬರೀ ಸೆನ್ಸೆ ಅಂದರೆ ಮರ್ಯಾದೆ ಸಾಲದೆಂದು ಹುಡುಗಿಯರೆಲ್ಲ ಸೆನ್ಸೆಗಾರು ಅನ್ನುತ್ತಿದ್ದರು. ಹುಡುಗಿಯರನ್ನು ನೋಡಲು ಬರುವವರಿಗೂ ಇದೇ ನಿಯಮ ಅನ್ವಯಿಸುತ್ತಿತ್ತು. ಭಾನುವಾರ ಮಧ್ಯಾಹ್ನ ಬಂದ ಅತ್ತೆ, ಮಾವ, ಅಜ್ಜಿಯರಿಗೆಲ್ಲ ಗೇಟಿನ ವಾಚ್‌ಮನ್ ಸೊಂಟ ಬಗ್ಗಿಸಿ ಜಪಾನಿಯಲ್ಲಿ ನಮಸ್ಕಾರ ಹೇಳಿ ಒಳಗೆ ಬಿಡುತ್ತಿದ್ದ. ಅಜ್ಜಿಯರು ಅವನಿಗೆ ಸೊಂಟನೋವೆಂದು ಮರುಗುತ್ತಿದ್ದರು.

ಮೊದಲ ಭಾನುವಾರ ನಾನು ದುವ್ವಾಡದಲ್ಲಿ ರೈಲು ಹತ್ತಿ, ನಿಂತೇ ಪ್ರಯಾಣ ಮಾಡಿ, ಚಟ್ನಿಪುಡಿಯ ಡಬ್ಬಿ ಹಿಡಿದು ಹೋಗಿ "ಹೆಂಗಿದೀಯಾ?" ಅಂದೆ. ಗಿರಿಜಾ ತುಟಿಯ ಮೇಲೆ ಬೆರಳಿಟ್ಟಳು. ಮುಂದಿನದೆಲ್ಲ ಮೂಕಾಭಿನಯ. ಊಟ ಆಯಿತಾ ಎಂದು ನಾನು ಕೈಯಲ್ಲಿ ತೋರಿಸುವುದು, ಆಯಿತು ಎಂದು ಅವಳು ಹೊಟ್ಟೆ ಮುಟ್ಟಿಕೊಳ್ಳುವುದು. ಹೊರಗೆ ಹೋಗಿ ಮಾತಾಡೋಣ ಬಾ ಎಂದು ಸನ್ನೆ ಮಾಡಿದೆ. ಗೇಟಿನ ತನಕ ಬಂದಳು. ಒಳಗಿನಿಂದಲೇ ಕಂಬಿ ಹಿಡಿದು ನಿಂತು, ಆ ಕಡೆ ಈ ಕಡೆ ನೋಡಿ, ಗಡಿಬಿಡಿಯಲ್ಲಿ ಪಿಸುಗುಟ್ಟಿದಳು.

"ಆಚೆ ಬಂದ್ರೆ ಕನ್ನಡ ಬರ್ತೈತೆ. ಕನ್ನಡ ಬಂದ್ರೆ ಅಳು ಬರ್ತೈತೆ. ನೀವೇ ಇದನ್ನ ಕಲ್ತ್ಕಂಡು ಬರ್ರಿ."

ಸರಿ, ಕಲಿಯಬೇಕಾಯಿತು. ಗುಣಮಟ್ಟ ವಿಭಾಗದವನಿಗೆ ಕಲಿಯುವುದೆಂದರೆ ಮೊದಲು ವೇಳಾಪಟ್ಟಿ. ಬೆಳಿಗ್ಗೆ ಅಕ್ಷರ, ಸಂಜೆ ವ್ಯಾಕರಣ ಎಂದು ಬಣ್ಣಬಣ್ಣದ ಚೌಕ ಎಳೆದು ಗೋಡೆಗೆ ಹಚ್ಚಿದೆ. ಬಹಳ ಚೆನ್ನಾಗಿ ಬಂದಿತ್ತು. ಬರೆದ ಆಯಾಸಕ್ಕೆ ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಭಾಷೆಯಲ್ಲಿ ಪೂರ್ತಿ ಮುಳುಗಿಬಿಡಬೇಕು, ಕಣ್ಣು ಕಿವಿಗೆ ಅದೇ ಬೀಳುತ್ತಿರಬೇಕು ಎಂದು ಯಾರೋ ಹೇಳಿದರು. ಮುಳುಗಿದೆ. ಫೋನಿನ ಭಾಷೆಯನ್ನು ಜಪಾನಿಗೆ ಬದಲಿಸಿದೆ. ಅಲಾರಾಂ ಎಲ್ಲಿದೆಯೆಂದು ಸಿಗದೆ ಕಂಪನಿ ಬಸ್ಸು ತಪ್ಪಿಸಿಕೊಂಡೆ. ಬಾಗಿಲು, ಫ್ರಿಜ್ಜು, ಅಕ್ಕಿ ಡಬ್ಬಿ, ಪೊರಕೆ, ಎಲ್ಲಕ್ಕೂ ಜಪಾನಿ ಹೆಸರಿನ ಚೀಟಿ ಅಂಟಿಸಿದೆ. ಮನೆಗೆಲಸದ ಅಪ್ಪಲನರಸಮ್ಮ ಒಂದು ವಾರ ಆ ಚೀಟಿಗಳ ಸುತ್ತಲೇ ಹುಷಾರಾಗಿ ಒರೆಸಿಕೊಂಡು ಓಡಾಡಿದಳು. ಕೊನೆಗೆ ತಡೆಯಲಾರದೆ ಕೇಳಿದಳು. "ಬಾಬೂ, ಇವಿ ಅಮ್ಮಗಾರು ತಿರಿಗಿ ರಾವಡಾನಿಕಾ?" ಅಮ್ಮಾವ್ರು ಮರಳಿ ಬರಲಿ ಎಂದು ಅಂಟಿಸಿದ ಯಂತ್ರವೇ ಇವು ಎಂದು. ನಾನು ನಗಲು ಹೋದೆ, ಯಾಕೋ ನಗು ಬರಲಿಲ್ಲ. ಹೌದು ಅಂದೆ. ಹಾಗಿದ್ದರೆ ಸಿಂಹಾಚಲಂ ದೇವರಿಗೂ ಒಂದು ಹರಕೆ ಹೊತ್ತುಬಿಡಿ ಎಂದು ಸಲಹೆ ಕೊಟ್ಟು ಪೊರಕೆ ಕೈಗೆತ್ತಿಕೊಂಡಳು.

ಕೊನೆಗೂ ಕೈಹಿಡಿದದ್ದು ಬಹಳ ಸಣ್ಣ ರೂಢಿ. ಭಾನುವಾರ ಗಿರಿಜಾಗೆ ಏನು ಹೇಳಬೇಕೋ ಅಷ್ಟನ್ನೇ ಕಲಿಯುವುದು. ದಿನಾ ಕಂಪನಿ ಬಸ್ಸಿನಲ್ಲಿ ದುವ್ವಾಡ ಮುಟ್ಟುವುದರೊಳಗೆ ಹಿಂದಿನ ದಿನದ ಒಂದು ಸಂಗತಿ, ಅದಕ್ಕೊಂದು ವಾಕ್ಯ. ಹಾಲು ಉಕ್ಕಿತು. ಪಕ್ಕದ ಮನೆಯವರು ಸ್ಕೂಟರು ಮಾರಿದರು. ಸಮುದ್ರದ ಕಡೆಯಿಂದ ಗಾಳಿ ಜೋರಾಗಿತ್ತು. ಜ್ವರವಿರಲಿ, ಹಬ್ಬವಿರಲಿ, ಒಂದು ವಾಕ್ಯ ಆಗಲೇಬೇಕು. ಬರಬರುತ್ತಾ ಎಲ್ಲಿಗೆ ಬಂತೆಂದರೆ, ಜಪಾನಿಯಲ್ಲಿ ಹೇಳಲು ಬಾರದ್ದು ಏನೂ ನನ್ನ ಬದುಕಿನಲ್ಲಿ ನಡೆಯದಿರಲಿ ಅನ್ನಿಸತೊಡಗಿತು. ಒಬ್ಬ ಆಟೋದವನು ನನ್ನ ಬೈಕಿಗೆ ಗುದ್ದಿದ. ಆ ವಾರ ಗುದ್ದುವುದಕ್ಕೆ ಪದ ಗೊತ್ತಿಲ್ಲದ್ದರಿಂದ ಜಗಳ ಮಾಡದೆ ಬಿಟ್ಟುಕೊಟ್ಟೆ.

ಬೆಂಚಿನ ಮೇಲೆ ನಮ್ಮ ಮಾತು ಯಾವಾಗಲೂ 'ಅತ್ಸುಯಿ' ಎಂದು ಶುರುವಾಗುತ್ತಿತ್ತು. ಸೆಖೆ ಎಂದರ್ಥ. ಹೊಸದಾಗಿ ಜಪಾನಿ ಕಲಿಯುವವರಿಗೆ ವಿಜಯವಾಡದಷ್ಟು ಅನುಕೂಲದ ಊರಿಲ್ಲ. ಆ ಒಂದು ಮಾತು ಅಲ್ಲಿ ಎಂದೂ ಸುಳ್ಳಾಗುವುದಿಲ್ಲ. ಆಮೇಲೆ ನನ್ನ ವಾರದ ವಾಕ್ಯಗಳು. ಗಿರಿಜಾ ಕೇಳಿ, ತಪ್ಪು ತಿದ್ದಿ, ತಿರುಗಿ ಹೇಳಿಸುತ್ತಿದ್ದಳು. ಅಷ್ಟು ವರ್ಷ ನಾನು ಅವಳ ತಪ್ಪು ಹುಡುಕಿದ್ದಕ್ಕೆಲ್ಲ ಆ ಮರದ ಕೆಳಗೆ ಬಡ್ಡಿ ಸಮೇತ ವಸೂಲಾಯಿತು. ನಾವು ಅಲ್ಲಿ ಜಗಳವಾಡಲಿಲ್ಲ, ಆಡುವಷ್ಟು ಭಾಷೆ ಇಬ್ಬರಿಗೂ ಇರಲಿಲ್ಲ. ಕನ್ನಡದಲ್ಲಿ ಒಂದು ದಿನವೂ ಬಾಯಿಗೆ ಬಾರದ ಮಾತುಗಳು ಅಲ್ಲಿ ಸಲೀಸಾಗಿ ಬರುತ್ತಿದ್ದವು. ಪುಸ್ತಕದಲ್ಲಿ ಆ ಪಾಠ ಬಂತೆಂದು ಒಂದು ಭಾನುವಾರ 'ನೀನು ಚೆಲುವೆ' ಅಂದುಬಿಟ್ಟೆ. ಗಿರಿಜಾ ತಿದ್ದಲಿಲ್ಲ. ಕೆಂಪಗಾಗಿ, ಬಾದಾಮಿ ಎಲೆಯೊಂದನ್ನು ಎತ್ತಿಕೊಂಡು ಚೂರು ಚೂರು ಮಾಡುತ್ತಾ ಕೂತಳು.

ಅವಳು ಹೊರಡುವ ದಿನ ನಿಗದಿಯಾದ ಮೇಲೆ ನನ್ನ ವಿಶಾಲ ಮನಸ್ಸು ಊರು ಬಿಟ್ಟಿತು. ಊಟ ಸೇರುತ್ತಿರಲಿಲ್ಲ. ಹೋಗಬೇಡ ಎಂದು ಹೇಳಬೇಕು, ಹೇಳಿದರೆ ಅವಳು ಅಷ್ಟು ಆಸೆಪಟ್ಟದ್ದಕ್ಕೆ ಅಡ್ಡ ಬಂದಂತೆ, ಹೇಳದಿದ್ದರೆ ನಾನು ಉಳಿಯುವುದಿಲ್ಲ. ಆ ವಾರ ಬಸ್ಸಿನಲ್ಲಿ ಬೇರೇನೂ ಕಲಿಯಲಿಲ್ಲ. 'ಇಕನೈದೆ.' ಹೋಗಬೇಡ. ಒಂದೇ ಪದ, ವಾರಪೂರ್ತಿ.

ಕೊನೆಯ ಭಾನುವಾರ ಸೆಖೆಯ ಮಾತು ಮುಗಿಯಿತು, ಹಾಲಿನ ಮಾತು, ಮಳೆಯ ಮಾತು ಮುಗಿಯಿತು. ಹೊರಡುವ ಹೊತ್ತಾಗುತ್ತಿತ್ತು. ನೆಲ ನೋಡುತ್ತಾ ಹೇಳಿದೆ. "ಇಕನೈದೆ."

ಗಿರಿಜಾ ಒಂದೇ ಉಸಿರಿಗೆ ಏನೋ ಹೇಳಿದಳು. ತರಗತಿಯ ಹಾಗೆ ನಿಧಾನವಾಗಿ ಅಲ್ಲ, ಮನೆಯಲ್ಲಿ ಮಾತಾಡುವಂತೆ ವೇಗವಾಗಿ, ಉದ್ದಕ್ಕೆ. ನನಗೆ ಅದರಲ್ಲಿ ಸಿಕ್ಕಿದ್ದು ಒಂದೇ ಪದ, 'ಎಕಿ'. ರೈಲ್ವೆ ಸ್ಟೇಷನ್ನು. ಹೊಸ ಭಾಷೆ ಕಲಿಯುವವರಿಗೆಲ್ಲ ಒಂದು ಚಾಳಿ ಇರುತ್ತದೆ, ನಿಮಗೂ ಗೊತ್ತಿರಬಹುದು. ಒಂದು ಪದ ತಿಳಿದರೆ ಉಳಿದದ್ದನ್ನು ನಾವೇ ತುಂಬಿಕೊಂಡು, ಎಲ್ಲ ಗೊತ್ತಾದವರ ಹಾಗೆ ತಲೆಯಾಡಿಸುವುದು. ಸ್ಟೇಷನ್ನಿಗೆ ಹೊತ್ತಾಯಿತು ಅನ್ನುತ್ತಿದ್ದಾಳೆ ಅಂದುಕೊಂಡೆ. ಮಾತು ತಪ್ಪಿಸುತ್ತಿದ್ದಾಳೆ, ಅವಳ ಮನಸ್ಸು ಗಟ್ಟಿಯಾಗಿದೆ ಅಂದುಕೊಂಡೆ. "ಹೈ, ಹೈ" ಅಂದೆ. ಹೌದು, ಹೌದು. ಚೀಲ ತೆಗೆದುಕೊಂಡು ಎದ್ದು ಸ್ಟೇಷನ್ನಿಗೆ ಹೊರಟುಬಿಟ್ಟೆ. ಗೇಟಿನ ಹತ್ತಿರ ತಿರುಗಿ ನೋಡಿದಾಗ ಅವಳು ಬೆಂಚಿನ ಮೇಲೇ ಇದ್ದಳು.

ಅವಳನ್ನು ವಿಮಾನ ಹತ್ತಿಸಲು ಹೈದರಾಬಾದಿಗೆ ಹೋದಾಗ ಸುತ್ತ ನೆಂಟರ ಗುಂಪು. ಸಂದಿಯಲ್ಲಿ ಕೇಳಿದೆ. "ಅವತ್ತು ಏನೋ ಅಂದ್ಯಲ್ಲ, ಏನದು?"

"ಏನಿಲ್ಲ ಬಿಡ್ರೀ. ರೈಲು ತಪ್ಪೀತು ಅಂದೆ."

ರೈಲು ತಪ್ಪೀತು ಅನ್ನಲು ಅಷ್ಟುದ್ದದ ವಾಕ್ಯ ಬೇಡ. ಅಷ್ಟು ಜಪಾನಿ ನನಗೂ ಬರುತ್ತಿತ್ತು.

ಅವಳು ಹೋಗಿ ಎರಡು ವರ್ಷ ದಾಟಿತು. ನಾನು ಕಲಿಯುವುದನ್ನು ಬಿಡಲಿಲ್ಲ. ಜೊತೆಯವರು ಬಸ್ಸಿನಲ್ಲಿ ನಿದ್ದೆ ಮಾಡುತ್ತಾರೆ, ನಾನು ಇಯರ್‌ಫೋನು ಕಿವಿಗೆ ಹಾಕಿಕೊಂಡು ಜಪಾನಿನ ಹೆಂಗಸರು ಅಡುಗೆಯ ಬಗ್ಗೆ, ನೆಗಡಿಯ ಬಗ್ಗೆ ಮಾತಾಡುವುದನ್ನು ಕೇಳುತ್ತೇನೆ. ಕಂಪನಿಯಲ್ಲಿ ಬಡ್ತಿಗೆ ಅಂದುಕೊಂಡಿದ್ದಾರೆ. ಅಂಥ ವಾಕ್ಯ ಇನ್ನೊಂದು ಸಲ ಎದುರಾದರೆ ನನಗೆ ಅರ್ಥವಾಗಬೇಕು, ಅಷ್ಟೇ ನನ್ನ ಆಸೆ. ಆದರೆ ಗಿರಿಜಾ ಈಗ ನನ್ನ ಜೊತೆ ಜಪಾನಿ ಆಡುವುದೇ ಇಲ್ಲ. ಇಡೀ ದಿನ ಅದನ್ನೇ ಆಡಿ ಸಾಕಾಗಿರುತ್ತದೆ. ಫೋನು ಮಾಡಿದರೆ ಕನ್ನಡ, ಅದೂ ಚಳ್ಳಕೆರೆಯದ್ದೇ ಬೇಕು. "ಏನಾರ ಮಾತಾಡ್ರಿ, ಸುಮ್ನೆ ಕೇಳ್ತೀನಿ" ಅನ್ನುತ್ತಾಳೆ. ಅವಳು ನೋಡಿಕೊಳ್ಳುವ ಒಬ್ಬ ಅಜ್ಜಿ ಗಿರಿಜಾ ಬಿಟ್ಟು ಬೇರೆ ಯಾರ ಕೈಯಿಂದಲೂ ತುತ್ತು ತಗೊಳ್ಳುವುದಿಲ್ಲವಂತೆ. ಅದನ್ನು ಹೇಳುವಾಗ ಅವಳ ಧ್ವನಿಯಲ್ಲಿ ಇರುವ ಜಂಬ ಕೇಳಬೇಕು ನೀವು. ನನಗೆ ಸಂತೋಷವೂ ಆಗುತ್ತದೆ, ಆ ಅಜ್ಜಿಯ ಮೇಲೆ ಹೊಟ್ಟೆಕಿಚ್ಚೂ ಆಗುತ್ತದೆ.

ಇವತ್ತು ಶೇಂಗಾ ಸೀಯುವಾಗ ಬಂದ ಫೋನು ಅವಳದ್ದೇ. ಅಲ್ಲಿ ಮಧ್ಯಾಹ್ನದ ಬಿಡುವು. ಒಲೆ ಆರಿಸಿ, ಸೀದದ್ದಕ್ಕೆ ಬೈಸಿಕೊಂಡು, ಯಾವ ಧೈರ್ಯವೋ ಕಾಣೆ, ಕೇಳಿಯೇಬಿಟ್ಟೆ. "ಗಿರಿಜಾ, ನಿಜ ಹೇಳು. ಆವತ್ತು ಬೆಂಚಿನ ಮ್ಯಾಲೆ ಏನಂದೆ?"

"ಇನ್ನೂ ಅದನ್ನೇ ಹಿಡ್ಕಂಡ್ ಕುಂತಿದೀರಾ?" ಎಂದು ನಕ್ಕಳು. ಆಮೇಲೆ ನಗು ನಿಂತಿತು. "ಕನ್ನಡದಾಗೆ ಹೇಳಾಕೆ ನನಗೆ ನಾಚ್ಕೆ ಆಗ್ತೈತೆ ಕಣ್ರೀ. ಆವತ್ತು ಹೆಂಗಂದ್ನೋ ಹಂಗೇ ಅಂತೀನಿ." ಮೆಲ್ಲಗೆ, ಆ ಭಾಷೆಯಲ್ಲೇ, ಒಂದೇ ಉಸಿರಿಗೆ ಅಂದಳು.

ಒಂದಕ್ಷರವೂ ತಪ್ಪದೆ ಅರ್ಥವಾಯಿತು. 'ನನಗೂ ಹೋಗಲು ಭಯವಾಗುತ್ತಿದೆ. ಈಗ ನೀವು ನನ್ನ ಕೈ ಹಿಡಿದು ಎದ್ದುಬಿಟ್ಟರೆ, ಹೀಗೇ, ಉಟ್ಟ ಬಟ್ಟೆಯಲ್ಲೇ ನಿಮ್ಮ ಜೊತೆ ಸ್ಟೇಷನ್ನಿಗೆ ಬಂದುಬಿಡುತ್ತೇನೆ.'

ಆರಿದ ಒಲೆಯ ಮೇಲಿನ ಶೇಂಗಾದಲ್ಲಿ ಸುಮ್ಮನೆ ಕೈಯಾಡಿಸುತ್ತಾ ನಿಂತೆ. ತಿಳಿದಿದ್ದರೆ ಆವತ್ತು ಕೈ ಹಿಡಿಯುತ್ತಿದ್ದೆ, ಸುಳ್ಳೇಕೆ ಹೇಳಲಿ. ಈ ಎರಡು ವರ್ಷದ ಸಂಜೆಗಳೆಲ್ಲ ಅವಳು ಇದೇ ಮನೆಯಲ್ಲಿರುತ್ತಿದ್ದಳು. ಆ ಅಜ್ಜಿ ಬೇರೆ ಯಾರ ಕೈಯಲ್ಲೋ ಉಣ್ಣುತ್ತಿದ್ದಳು, ಗಿರಿಜಾಳ ಧ್ವನಿಯಲ್ಲಿ ಆ ಜಂಬ ಇರುತ್ತಿರಲಿಲ್ಲ. ಅದೆಲ್ಲ ನನಗೆ ಗೊತ್ತು. ಆ ಕಡೆ ಅವಳು ಕಾಯುತ್ತಿದ್ದಳು.

"ಅರ್ಥ ಆತಾ?"

"ಇಲ್ಲ," ಅಂದೆ. "ಇನ್ನೊಂದ್ಸಲ ಹೇಳು."