ಪೊರ್ಬುಗಳು ಕಟ್ಟಿದ ಬುತ್ತಿ

ಬೆಳಗ್ಗೆ ನಾನು ಪೂಜೆಗೆ ಹೂ ಕೊಯ್ಯುವ ಹೊತ್ತಿಗೆ ನೆರೆಮನೆಯ ಅಡುಗೆಮನೆ ಕಿಟಕಿಯಲ್ಲಿ ಎರಡು ಅಂಗೈಗಳು ಕಾಣಿಸುತ್ತಿದ್ದವು. ಉಪ್ಪುನೀರಿನಲ್ಲಿ ಅದ್ದಿದ, ಬಿಸಿ ಅನ್ನ ಹಿಡಿದು ಕೆಂಪೇರಿದ, ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಕಲೆಗಳಿದ್ದ ಅಗಲವಾದ ಅಂಗೈಗಳು. ಅವು ಅನ್ನವನ್ನು ಒತ್ತಿ, ತಿರುಗಿಸಿ, ಮತ್ತೆ ಒತ್ತಿ ಮೂರು ಮೂಲೆಯ ಉಂಡೆ ಮಾಡುತ್ತಿದ್ದವು. ಆಮೇಲೆ ಕಿಟಕಿಯಲ್ಲಿ ಮುಖ ಕಾಣಿಸಿ, "ಎಂತ ಮಾರಾಯ್ತಿ, ಇವತ್ತು ದೇವರಿಗೆ ದಾಸವಾಳ ಮಾತ್ರವಾ?" ಎಂದು ಕೇಳುತ್ತಿತ್ತು.

ಕೊಂಕಣಿ ಮಾತಾಡುವ ಕ್ರೈಸ್ತ ಹಿರಿಯರನ್ನು ನಮ್ಮ ತುಳುವಿನಲ್ಲಿ ಗೌರವದಿಂದ ಪೊರ್ಬುಗಳು ಎನ್ನುತ್ತಾರೆ, ಅವರ ಮನೆಯಾಕೆಯನ್ನು ಬಾಯಿ ಎನ್ನುತ್ತಾರೆ. ದೇವಸ್ಥಾನದಲ್ಲಿ ಅರ್ಚಕರಾಗಿದ್ದ ನನ್ನ ಅಪ್ಪ ಆ ನೆರೆಮನೆಯವರನ್ನು ಹಾಗೆ ಕರೆದರು, ನಮಗೂ ಅದೇ ರೂಢಿಯಾಯಿತು. ಪೊರ್ಬುಗಳು ಸರಕು ಹಡಗಿನಲ್ಲಿ ಅಡುಗೆಯವರಾಗಿ ದುಡಿದು ಶಕ್ತಿನಗರಕ್ಕೆ ಬಂದು ನೆಲೆಸಿದವರು. ಹಡಗಿನ ಅಧಿಕಾರಿಗಳು ಜಪಾನಿನವರಾಗಿದ್ದರಿಂದ ಪಾಳಿಗೆ ಹೋಗುವವರಿಗೆ ಬೆಂಟೊ ಎಂಬ ಅವರ ಊರಿನ ಬುತ್ತಿಯನ್ನು ಕಟ್ಟಿ ಕೊಡುವುದು ಇವರ ಕೆಲಸವಾಗಿತ್ತು. ಊರಿಗೆ ಬಂದ ಮೇಲೆ ಕದ್ರಿಯ ಶಾಲೆಯೊಂದರಲ್ಲಿ ಟೀಚರಾಗಿದ್ದ ಹೆಂಡತಿಗೆ, ನಮ್ಮ ಬಾಯಿಗೆ, ಅದನ್ನೇ ಕಟ್ಟತೊಡಗಿದರು.

ನಮ್ಮ ಕುಚ್ಚಲಕ್ಕಿ ಅನ್ನ ಮಹಾ ಹಠಮಾರಿ, ಒಂದು ಅಗುಳು ಇನ್ನೊಂದನ್ನು ಮುಟ್ಟುವುದಿಲ್ಲ. ಅದಕ್ಕೆ ಅವರು ಬೆಳ್ತಿಗೆ ಎಂಬ ಬಿಳಿ ಅಕ್ಕಿಯನ್ನು ಮೆತ್ತಗೆ ಬೇಯಿಸಿ ಉಂಡೆ ಕಟ್ಟುತ್ತಿದ್ದರು. ಉಂಡೆಯ ಹೊಟ್ಟೆಯೊಳಗೆ ಜಪಾನಿನ ಹುಳಿಹಣ್ಣಿನ ಬದಲು ನಮ್ಮ ಉಪ್ಪಿನಲ್ಲಿ ಹಾಕಿದ ಮಾವಿನಮಿಡಿಯ ಚೂರು. ಪಕ್ಕದಲ್ಲಿ ಚಾಪೆಯಂತೆ ಸುತ್ತಿ ಕೊಯ್ದ ಮೊಟ್ಟೆ, ಮುಳ್ಳು ತೆಗೆದು ಕಾಯಿಸಿದ ಬಂಗುಡೆ ಮೀನು, ಹಾಗಲಕಾಯಿ, ಬೀನ್ಸ್. ನಡುವೆ ಗೋಡೆಯಾಗಿ ಬಾಳೆಲೆಯ ತುಂಡು. ಡಬ್ಬಿಯಲ್ಲಿ ಬೆರಳು ಹಾಕುವಷ್ಟೂ ಸಂದು ಇರಬಾರದು. "ಸಮುದ್ರಕ್ಕೆ ಹೆದರದ ಬುತ್ತಿ ನಂತೂರು ರಸ್ತೆಯ ಹೊಂಡಕ್ಕೆ ಹೆದರ್ಬಾರ್ದು" ಎನ್ನುತ್ತಿದ್ದರು. ನನಗೂ ಕಲಿಸಿದರು. ನಾನು ಮೀನು ಮೊಟ್ಟೆ ಮುಟ್ಟದವಳೆಂದು ಬೇರೆಯೇ ಒಂದು ಚೂರಿ, ಬೇರೆಯೇ ಮಣೆ ತಂದಿಟ್ಟಿದ್ದರು, ನಾನು ಕೇಳದೆಯೇ.

ಹೆಂಡತಿಗೆ ಬುತ್ತಿ ಕಟ್ಟುವ ಗಂಡ ಎಂದು ಬೀದಿಯವರಿಗೆಲ್ಲ ತಮಾಷೆ. ಅಪ್ಪನೂ ಬಿಡುತ್ತಿರಲಿಲ್ಲ. "ಪೊರ್ಬುಗಳೇ, ಇವತ್ತು ನೈವೇದ್ಯಕ್ಕೆ ಎಂತ?" ಎಂದು ಬೇಲಿಯ ಮೇಲಿಂದ ಕೇಳಿದರೆ ಅವರು ಕೈ ಒರೆಸಿಕೊಳ್ಳುತ್ತ, "ನಿಮಗೆ ಸುಖ ಭಟ್ರೇ. ನಿಮ್ಮ ದೇವರು ಡಬ್ಬಿ ವಾಪಸ್ ಕಳಿಸುದಿಲ್ಲ. ಇವಳು ಕಳಿಸ್ತಾಳೆ" ಎನ್ನುತ್ತಿದ್ದರು. ಅದು ನಿಜ. ಸಂಜೆ ಬಾಯಿ ಚಪ್ಪಲಿ ಕಳಚುವ ಮೊದಲೇ ಅವರು ಡಬ್ಬಿ ಬಿಚ್ಚಿ ನೋಡುತ್ತಿದ್ದರು. ಏನು ಉಳಿದಿದೆ, ಯಾವುದನ್ನು ಕಚ್ಚಿ ಬಿಟ್ಟಿದ್ದಾಳೆ ಎಂದು ನೋಡಿದರೆ ಆಕೆಯ ದಿನ ಹೇಗೆ ಕಳೆಯಿತೆಂದು ಅವರಿಗೆ ತಿಳಿಯುತ್ತಿತ್ತು.

ಬಾಯಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾದ ವರ್ಷ ಆ ಮನೆಯ ನಗು ನಿಂತಿತು. ಆಪರೇಷನ್ ಆಯಿತು, ಇಂಜೆಕ್ಷನ್‌ಗಳು ಶುರುವಾದವು. ತೂಕ ಇನ್ನೂ ಇಳಿದರೆ ಮುಂದಿನ ಇಂಜೆಕ್ಷನ್ ಕೊಡಲಾಗದು, ಹೇಗಾದರೂ ತಿನ್ನಿಸಿ ಎಂದು ಡಾಕ್ಟರು ಹೇಳಿದ್ದರು. ಬಾಯಿಗೋ ಅನ್ನ ಕಂಡರೆ ವಾಕರಿಕೆ. ಮನೆಯಲ್ಲಿದ್ದರೆ ಪೊರ್ಬುಗಳು ಎದುರು ಕುಳಿತು ತುತ್ತು ಎಣಿಸುತ್ತಾರೆಂದು, ಕೈಲಾದ ದಿನಗಳಲ್ಲೆಲ್ಲ ಬಾಯಿ ಶಾಲೆಗೆ ಹೊರಡುತ್ತಿದ್ದರು. ನನ್ನ ಆಫೀಸೂ ಕದ್ರಿಯಲ್ಲೇ. ಒಂದೇ ಬಸ್ಸು ನಮ್ಮದು.

ವಿಚಿತ್ರವೆಂದರೆ ಡಬ್ಬಿ ದಿನವೂ ಖಾಲಿಯಾಗಿ ಬರುತ್ತಿತ್ತು, ತೂಕ ಮಾತ್ರ ಇಳಿಯುತ್ತಲೇ ಇತ್ತು. ಒಂದು ಸಂಜೆ ನಾನು ಅಲ್ಲೇ ಇದ್ದೆ. ಬಾಯಿ ಒಳಗೆ ಮಲಗಿದ್ದರು. ಪೊರ್ಬುಗಳು ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಅವಳು ತಿಂದದ್ದಲ್ಲ" ಎಂದರು.

"ಹೇಗೆ ಗೊತ್ತು ಅಂಕಲ್?"

"ಮದುವೆಯಾದಲ್ಲಿಂದ ಹಾಗಲಕಾಯಿ ಒಂದು ತುಂಡು ಬಿಡ್ತಾಳೆ. ಬಿಡದಿದ್ರೆ ಅವಳಿಗೆ ಸಮಾಧಾನ ಇಲ್ಲ. ಈಗ ನೋಡು, ನೆಕ್ಕಿದ ಹಾಗೆ ಉಂಟು. ಶಾಲೆಯಲ್ಲಿ ಮಕ್ಕಳಿಗೆ ಕೊಡ್ತಾಳೆ."

ಈಗ ಜಗಳವಾಗುತ್ತದೆ ಎಂದುಕೊಂಡೆ. ನಾನಾಗಿದ್ದರೆ ಆಡಿಯೇ ಬಿಡುತ್ತಿದ್ದೆ, ನನ್ನ ನಾಲಗೆ ಅಂಥದ್ದು. ಅವರು ಡಬ್ಬಿ ತೊಳೆದು ಕವುಚಿಟ್ಟರು, ಅಷ್ಟೇ.

ಮರುದಿನ ಬೆಳಗ್ಗೆ ಗೇಟಿನ ಹತ್ತಿರ ಬಾಯಿಯ ಕೈಗೆ ಎರಡು ಡಬ್ಬಿ ಕೊಟ್ಟರು. ಒಂದು ಎಂದಿಗಿಂತ ದೊಡ್ಡದು. ಇನ್ನೊಂದು ನಮ್ಮ ಮನೆಯ ಕುಂಕುಮದ ಭರಣಿಗಿಂತ ತುಸು ದೊಡ್ಡದಿರಬಹುದು.

"ದೊಡ್ಡದು ಮಕ್ಕಳಿಗೆ. ಅವಕ್ಕೆ ಹಾಗಲಕಾಯಿ ಹಾಕ್ಲಿಲ್ಲ, ಪಾಪ. ಸಣ್ಣದು ನಿನಗೆ. ಮೂರು ತುತ್ತು ಉಂಟು. ನಾಲ್ಕನೆಯದು ಬೇಕಾದ್ರೂ ಸಿಕ್ಕುದಿಲ್ಲ."

ಬಸ್ಸು ನಂತೂರಿನ ಟ್ರಾಫಿಕ್‌ನಲ್ಲಿ ನಿಂತಾಗ ಬಾಯಿ ಸಣ್ಣ ಡಬ್ಬಿಯ ಮುಚ್ಚಳ ತೆರೆದರು. ನೆಲ್ಲಿಕಾಯಿ ಗಾತ್ರದ ಮೂರು ಅನ್ನದ ಉಂಡೆಗಳು, ಒಂದೊಂದರ ನೆತ್ತಿಯ ಮೇಲೂ ಒಂದೊಂದು ಚೂರು ಮೊಟ್ಟೆ. ಅವರಿಗೆ ಅಳುವೂ ನಗುವೂ ಒಟ್ಟಿಗೇ ಬಂತು. "ಈ ಮನುಷ್ಯನ ಹತ್ರ ಒಂದು ಸುಳ್ಳು ಹೇಳ್ಲಿಕ್ಕೂ ಆಗುದಿಲ್ಲ ಮಾರಾಯ್ತಿ" ಎಂದರು. ಆ ಮೂರನ್ನು ಅವರು ಮಧ್ಯಾಹ್ನದವರೆಗೂ ಕಾಯದೆ ಬಸ್ಸಿನಲ್ಲೇ ತಿಂದರು.

ತುತ್ತು ಮೂರಿದ್ದದ್ದು ನಾಲ್ಕಾಯಿತು, ಆರಾಯಿತು. ಡಬ್ಬಿ ಬದಲಾಯಿತು. ತೂಕ ಇಳಿಯುವುದು ನಿಂತಿತು, ಇಂಜೆಕ್ಷನ್‌ಗಳು ಮುಗಿದವು. ಮೊದಲಿನ ಡಬ್ಬಿಗೆ ಬಾಯಿ ಮರಳುವ ಹೊತ್ತಿಗೆ ಪೊರ್ಬುಗಳೇ ಸೊರಗಿ ಬಡವಾಗಿದ್ದರು. ಅದನ್ನು ನಾವು ಯಾರೂ ಸರಿಯಾಗಿ ಗಮನಿಸಲಿಲ್ಲ. ಎಲ್ಲರ ಕಣ್ಣೂ ಬಾಯಿಯ ಮೇಲಿತ್ತು.

ಹೋದ ವರ್ಷ ಒಂದು ಬೆಳಗ್ಗೆ ಬುತ್ತಿ ತುಂಬಿ, ಅನ್ನ ಆರಲೆಂದು ಮುಚ್ಚದೆ ಮೇಜಿನ ಮೇಲಿಟ್ಟು ಕುಳಿತವರು ಎದೆ ಹಿಡಿದುಕೊಂಡರು. ಅಪ್ಪ ರಿಕ್ಷಾ ತಂದರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮಧ್ಯಾಹ್ನ ಅವರನ್ನು ಮನೆಗೆ ತಂದು ಚಾವಡಿಯಲ್ಲಿ ಮಲಗಿಸಿದರು. ನೆಂಟರು ತುಂಬಿದ್ದರು, ಪ್ರಾರ್ಥನೆ ನಡೆದಿತ್ತು. ಬಾಯಿ ಎದ್ದು ಅಡುಗೆಮನೆಗೆ ಹೋದರು. ಬೀಳುತ್ತಾರೇನೋ ಎಂದು ನಾನು ಹಿಂದೆಯೇ ಹೋದೆ. ಅವರು ಕುರ್ಚಿ ಎಳೆದು ಕುಳಿತು, ತೆರೆದೇ ಇದ್ದ ಆ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು.

ಬಾಯಿಯ ಅಕ್ಕ ಬಾಗಿಲಲ್ಲಿ ನಿಂತು, "ಅವರು ಅಲ್ಲಿ ಮಲಗಿದ್ದಾರೆ, ಈಗ ಎಂತ ಊಟ? ಜನ ಎಂತ ಹೇಳಿಯಾರು?" ಎಂದು ತಡೆದರು. ನನಗೂ ಗಾಬರಿಯೇ ಆಯಿತು. ಹೆಣ ಮನೆಯಲ್ಲಿರುವಾಗ ನಮ್ಮಲ್ಲಿ ಯಾರೂ ಒಂದು ಅಗುಳನ್ನೂ ಮುಟ್ಟುವುದಿಲ್ಲ.

"ಬೆಳಿಗ್ಗೆ ನನಗೆ ಅಂತ ಮಾಡಿದ್ದು" ಎಂದರು ಬಾಯಿ. "ಬಿಟ್ರೆ ಅವರಿಗೆ ಗೊತ್ತಾಗ್ತದೆ."

ಹಿಂದಿನಿಂದ ಅಪ್ಪನ ದನಿ ಕೇಳಿತು. ಮಡಿ ಮೈಲಿಗೆ ಎಂದು ನಮ್ಮನ್ನು ಜೀವನವಿಡೀ ಗದರಿಸಿದ ಅಪ್ಪ. "ಉಣ್ಲಿ. ಯಾರೂ ಮಾತಾಡ್ಬೇಡಿ" ಎಂದವರೇ, ಚಾವಡಿಯಿಂದ ಯಾರಿಗೂ ಕಾಣದ ಹಾಗೆ ಬಾಗಿಲಿಗೆ ಅಡ್ಡವಾಗಿ ಬೆನ್ನು ತಿರುಗಿಸಿ ನಿಂತರು.

ನಾನು ಒಂದು ಲೋಟ ನೀರು ತಂದಿಟ್ಟೆ. ಬಾಯಿ ಕಣ್ಣೊರೆಸಿಕೊಳ್ಳಲಿಲ್ಲ. ಒಂದೊಂದೇ ತುತ್ತನ್ನು ನಿಧಾನವಾಗಿ ಜಗಿದು, ಹಾಗಲಕಾಯಿಯ ಕೊನೆಯ ತುಂಡನ್ನೂ ಬಿಡದೆ, ಡಬ್ಬಿ ಖಾಲಿಯಾಗುವವರೆಗೂ ಉಂಡರು.