ನೋಡಲು ತಂದ ವಾದ್ಯಗಳು

ನನಗೆ ಒಂದೇ ಒಂದು ವಾದ್ಯ ನುಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಒಂದು ಸಲ ಇದನ್ನು ಮೊದಲೇ ಹೇಳದೆ, ಎರಡು ತಿಂಗಳು ಉಂಡ ಅನ್ನ ಮೈಗೆ ಹತ್ತದ ಹಾಗೆ ಮಾಡಿಕೊಂಡವನು ನಾನು.

ತೊಂಬತ್ತರ ದಶಕದಲ್ಲಿ ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಪೇಟೆಯಲ್ಲೇ ಒಂದು ಬಾಡಿಗೆ ಮನೆ, ಜೊತೆಗೆ ಆಯಿ, ಅಂದರೆ ನನ್ನ ಅಮ್ಮ. ಡ್ರಾಯಿಂಗ್ ಮಾಸ್ತರರ ಕಣ್ಣು ಕೆಟ್ಟದ್ದು ಸ್ವಾಮಿ, ಅದಕ್ಕೆ ಚೆಂದ ಕಂಡರೆ ಸಾಕು, ಉಪಯೋಗ ಬೇಕಿಲ್ಲ. ಸಂತೆಗೆ ಹೋದರೆ ಬದನೆಕಾಯಿಯ ಬಣ್ಣ ನೋಡಿ ಆರಿಸಿ ತರುತ್ತಿದ್ದೆ. ಮನೆಗೆ ಬಂದು ಹೆಚ್ಚಿದರೆ ಒಳಗೆಲ್ಲ ಹುಳ. ಆಯಿ ಕಡೆಕಡೆಗೆ ಚೀಲ ನನ್ನ ಕೈಗೆ ಕೊಡುವುದನ್ನೇ ಬಿಟ್ಟಳು.

ಬದನೆಕಾಯಿ ಹೋದರೆ ಹೋಗಲಿ. ಒಂದು ಸಲ ಶಾಲೆಗೆ ಡ್ರಾಯಿಂಗ್ ಶೀಟು, ಬಣ್ಣ ತರಲೆಂದು ಹುಬ್ಬಳ್ಳಿಗೆ ಹೋದವನು ಕಾಗದದ ಅಂಗಡಿಯ ಪಕ್ಕದಲ್ಲೇ ಇದ್ದ ವಾದ್ಯದ ಅಂಗಡಿಯ ಮುಂದೆ ನಿಂತುಬಿಟ್ಟೆ. ಗಾಜಿನ ಹಿಂದೆ ಒಂದು ಸಿತಾರು ತೂಗುಹಾಕಿದ್ದರು. ಬುರುಡೆಯ ಮೇಲೆ ನವಿಲಿನ ಕೆತ್ತನೆ, ಅಂಚಿಗೆ ಬಿಳಿ ಬಳ್ಳಿ, ತಂತಿ ಸುತ್ತುವ ಬಿರಟೆಗಳು ಒಂದೊಂದೂ ಮೊಗ್ಗಿನ ಹಾಗೆ. ಅಂಗಡಿಯವರು, "ನುಡಸ್ತೀರೇನ್ರಿ?" ಎಂದರು. ನಾನು ಹೂಂ ಎಂದೆ. ಆ ಹೂಂ ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ. ಕೂಸನ್ನು ಎತ್ತಿಕೊಂಡ ಹಾಗೆ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ. ಡ್ರಾಯಿಂಗ್ ಶೀಟು ತರುವುದು ಮರೆತಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ತಾಮ್ರದ ಹೊಳಪಿಗೆ ಮರುಳಾಗಿ ಒಂದು ಜೊತೆ ತಬಲ ತಂದೆ. ಶಿರಸಿಯಲ್ಲಿ ಯಾರೋ ಮಾರುತ್ತಿದ್ದ ಮ್ಯಾಂಡೊಲಿನ್ ಬಂತು, ಅದರ ಹೊಟ್ಟೆ ದಾಳಿಂಬೆಯ ಬಣ್ಣದ್ದಾಗಿತ್ತು ಎನ್ನುವ ಒಂದೇ ಕಾರಣಕ್ಕೆ. ಹೇರೂರಿನಲ್ಲಿ ನೆಂಟರ ಮನೆಗೆ ಉಪನಯನಕ್ಕೆ ಹೋದವನು ಊಟ ಮುಗಿಸಿ ಎಲೆಅಡಿಕೆಯ ಕವಳ ಹಾಕುತ್ತಾ ಮೇಲೆ ನೋಡಿದರೆ ಅಟ್ಟದ ಮೇಲೆ ಒಂದು ಹಳೇ ಹಾರ್ಮೋನಿಯಂ. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ಮುಂಭಾಗದ ಹಲಗೆಗೆ ಜಾಲರಿಯಂತೆ ಕೊರೆದ ಬಳ್ಳಿ, ಹಿತ್ತಾಳೆಯ ತಿರುಗಣಿ, ಬೆರಳಿಟ್ಟು ಒತ್ತುವ, ಕಂದು ಹತ್ತಿದ ಬಿಳಿ ಮನೆಗಳು. ಮಡಿ ಪಂಚೆಯಲ್ಲೇ ಏಣಿ ಹತ್ತಿ ಇಳಿಸಿದೆ. ಮನೆಯವರು ಜಾಗ ಖಾಲಿಯಾಯಿತೆಂದು ಸಂತೋಷದಿಂದ ಕೊಟ್ಟರು.

"ಎಂತದ ತಮಾ ಇದು, ಮನೆಯಾ ನಾಟಕದ ಕಂಪನಿಯಾ?" ಎಂದಳು ಆಯಿ. ಚಿತ್ರ ಬರೆಯಲು ಬೇಕು ಎಂದೆ. ಬರೆದದ್ದು ಒಂದೂ ಇಲ್ಲ. ದಿನಾ ಬೆಳಿಗ್ಗೆ ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದೆ, ಶಾಲೆಯಿಂದ ಬಂದು ಚಹಾ ಕುಡಿಯುತ್ತಾ ನೋಡುತ್ತಿದ್ದೆ. ಅಷ್ಟಕ್ಕೇ ನನ್ನ ಸಂಗೀತ ಮುಗಿಯುತ್ತಿತ್ತು.

ಆ ಹೊತ್ತಿಗೆ ನನಗೆ ಮೂವತ್ಮೂರು ದಾಟಿತ್ತು. ನಮ್ಮಲ್ಲಿ ಹೆಣ್ಣು ಸಿಗುವುದು ಕಷ್ಟವಾಗತೊಡಗಿದ ಕಾಲ ಅದು. ಮಾಣಿ, ಅಂದರೆ ಗಂಡು, ಹೋಗಿ ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ಆಮೇಲೆ ತಿಳಿಸುತ್ತೇವೆ ಎಂದು ಗತ್ತಿನಿಂದ ಎದ್ದು ಬರುವ ಕಾಲ ಹೋಗಿತ್ತು. ಹೆಣ್ಣಿನ ಕಡೆಯವರೇ ಜೀಪು ಮಾಡಿಕೊಂಡು ಬಂದು ಮಾಣಿಯ ಮನೆ, ಬಚ್ಚಲು, ನಲ್ಲಿಯಲ್ಲಿ ನೀರು ಬರುವ ಹೊತ್ತು ಎಲ್ಲ ವಿಚಾರಿಸಿಕೊಂಡು ಹೋಗುತ್ತಿದ್ದರು. ಹಾಗೆ ಮೂರು ಜೀಪು ಬಂದು ಹೋಗಿದ್ದವು. ನಾಲ್ಕನೆಯದನ್ನು ಯಲ್ಲಾಪುರದ ಕಡೆಯಿಂದ ಕರೆತಂದವನು ನನ್ನ ಸೋದರಮಾವ.

ಅಪ್ಪ, ಅಮ್ಮ, ಮಗಳು. ಮಗಳು ಯಲ್ಲಾಪುರದಲ್ಲಿ ಸಂಗೀತ ಕಲಿತು ಮಕ್ಕಳಿಗೆ ಪಾಠ ಹೇಳುತ್ತಾಳೆ ಎಂದು ಮಾವ ಹೇಳಿದ್ದ. ಅವಳು ಬಚ್ಚಲೂ ನೋಡಲಿಲ್ಲ, ನಲ್ಲಿಯೂ ನೋಡಲಿಲ್ಲ. ಹೊರಗಿನ ಕೋಣೆಯಲ್ಲಿ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದ ವಾದ್ಯಗಳ ಮುಂದೆ ನಿಂತಳು. ತುಂಬಾ ಹೊತ್ತು ನಿಂತಳು. ಕಡೆಗೆ ನನ್ನ ಕಡೆ ತಿರುಗಿ, "ಇದೆಲ್ಲ ನಿಮ್ದಾ?" ಎಂದಳು. ಹೌದು ಎಂದೆ. ಅವಳು ಕೇಳಿದ್ದಕ್ಕೆ ನಾನು ಸುಳ್ಳು ಹೇಳಲಿಲ್ಲ. ಅದೇ ಆಮೇಲೆ ನನ್ನನ್ನು ತಿಂದದ್ದು.

ಮರುದಿನ ಮಾವ ಶಾಲೆಗೇ ಬಂದ. "ಗೆದ್ದೆ ತಮಾ. ಕೂಸು ಒಪ್ಪಿದ್ದು," ಎಂದ. ನಮ್ಮಲ್ಲಿ ಮದುವೆಯ ಹುಡುಗಿಯೂ ಕೂಸೇ. ಆ ಹುಡುಗಿ ಅದುವರೆಗೆ ಬಂದ ಐದಾರು ಸಂಬಂಧ ಬೇಡ ಎಂದಿದ್ದಳಂತೆ. ಮದುವೆಯಾದ ಮೇಲೂ ಹಾಡಬಹುದಾ ಎಂದು ಕೇಳಿದರೆ ಎಲ್ಲರೂ "ಆಮೇಲೆ ನೋಡೋಣ" ಎಂದವರೇ. ನಮ್ಮ ಮನೆಯಿಂದ ಹೋಗುವಾಗ ಜೀಪಿನಲ್ಲಿ ಅಪ್ಪನ ಹತ್ತಿರ, ಇಷ್ಟು ವಾದ್ಯ ಇಟ್ಟುಕೊಂಡ ಮನೆಯಲ್ಲಿ ಹಾಡುವುದನ್ನು ಬಿಡಿಸುವುದಿಲ್ಲ ಎಂದಳಂತೆ.

"ಮಾವ, ಯಂಗೆ ಒಂದೂ ನುಡಿಸ್ಲೆ ಬತ್ತಿಲ್ಲೆ."

"ಅದು ನಿಂಗೂ ಯಂಗೂ ಗೊತ್ತು. ಅವ್ಕೆ ಎಂತಕ್ಕೆ?"

ಮನೆಗೆ ಬಂದು, ಅವರಿಗೆ ನಿಜ ಹೇಳಿಬಿಡೋಣ ಎಂದು ಆಯಿಗೆ ಹೇಳಿದೆ. ಅವಳು ಅಷ್ಟು ವರ್ಷ ಬೈದ ವಾದ್ಯಗಳಿಗೆ ಅವತ್ತು ಕುಂಕುಮ ಹಚ್ಚಿ ಕೈ ಮುಗಿದಿದ್ದಳು. "ಸುಮ್ಮಂಗಿರು. ಮದುವೆ ಆದ್ಮೇಲೆ ಕೈ ನೋವು ಹೇಳಿರಾತು," ಎಂದಳು.

ನಾನೂ ಸುಮ್ಮನಿದ್ದೆ. ನಾಚಿಕೆಗೆಟ್ಟವನು, ಸುಮ್ಮನಿದ್ದೆ. ಹುಡುಗಿ ನನಗೆ ಹಿಡಿಸಿದ್ದಳು, ಅದೂ ಹೌದು. ಆದರೆ ಒಬ್ಬಳು ತನ್ನ ಹಾಡು ಉಳಿಯುತ್ತದೆ ಎಂದು ನಂಬಿ ಬರುತ್ತಿದ್ದಾಳೆ, ಅವಳು ನಂಬಿದ್ದು ಬರೇ ನನ್ನ ಕಣ್ಣಿನ ಚಪಲವನ್ನು. ಇದು ನೆನಪಾದಾಗೆಲ್ಲ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಒಂದೆರಡು ಸಲ ಎಸ್‌ಟಿಡಿ ಬೂತಿಗೆ ಹೋಗಿ ಅವರ ಮನೆಗೆ ಫೋನು ಹಚ್ಚಿದೆ. ಎರಡೂ ಸಲ ಅವಳ ಅಪ್ಪ ಎತ್ತಿದರು. ಮಳೆ ಹೇಗಿದೆ, ಎಲ್ಲರೂ ಆರಾಮಾ ಎಂದು ಕೇಳಿ ಇಟ್ಟೆ. ಹೇಳುವುದಕ್ಕಿಂತ ಕಲಿಯುವುದೇ ಸುಲಭ ಎನ್ನಿಸಿ ಊರಿನ ಭಜನೆಯಲ್ಲಿ ಪೇಟಿ ನುಡಿಸುತ್ತಿದ್ದ ಹಿರಿಯರೊಬ್ಬರ ಹತ್ತಿರ ಹತ್ತು ದಿನ ಪಾಠಕ್ಕೂ ಹೋದೆ. ಹನ್ನೊಂದನೆಯ ದಿನ ಅವರು ಬಹಳ ಮರ್ಯಾದೆಯಿಂದ, ಮಾಸ್ತರರೇ, ಪೇಟಿ ಬಿಟ್ಟು ನಿಮ್ಮ ಶಾಲೆಯ ಬೋರ್ಡಿಗೆ ಚೆಂದದ ಅಕ್ಷರ ಬರೆದುಕೊಂಡು ಆರಾಮಾಗಿರಿ ಎಂದರು.

ನಿಶ್ಚಿತಾರ್ಥಕ್ಕೆ ಇನ್ನು ಹದಿನೈದು ದಿನ ಇರುವಾಗ ಮಾವನ ಮೂಲಕ ಹೇಳಿಕೆ ಬಂತು. ಯಲ್ಲಾಪುರದಲ್ಲಿ ಹುಡುಗಿಯ ಗುರುಗಳ ಮನೆಯಲ್ಲಿ ಭಾನುವಾರ ಶಿಷ್ಯರದ್ದು ಸಣ್ಣ ಬೈಠಕ್ಕು. ಹುಡುಗಿ ಹಾಡುತ್ತಾಳೆ, ಮಾಣಿ ಪಕ್ಕವಾದ್ಯದ ಸಾಥಿಗೆ ಕೂರಲಿ, ಅವರ ಮನೆಯಲ್ಲಿ ನೋಡಿದ ಆ ಚೆಂದದ ಪೇಟಿಯನ್ನೇ ತರಲಿ.

ಇನ್ನೇನು ಮಾಡುವುದು? ಪೇಟಿಗೆ ಹಳೇ ಕಂಬಳಿ ಸುತ್ತಿ ಹಗ್ಗ ಕಟ್ಟಿಕೊಂಡು ಬೆಳಗಿನ ಬಸ್ಸು ಹತ್ತಿದೆ. ಕಂಡಕ್ಟರು ಅದಕ್ಕೆ ಲಗೇಜು ಎಂದ, ಒಳಗೆ ಏನು ಎಂದು ಕೇಳಿದ. ಪೇಟಿ ಎಂದ ಕೂಡಲೇ ಮುಂದಿನ ಸೀಟಿನವರು ತಿರುಗಿ, ಭಜನೆಗಾ, ಯಕ್ಷಗಾನಕ್ಕಾ ಎಂದರು. ಶಿರಸಿಯಲ್ಲಿ ಬಸ್ಸು ಬದಲಿಸುವಾಗ ಪರಿಚಯದವರೊಬ್ಬರು ಸಿಕ್ಕಿ, "ಓಹೋ, ಎಲ್ಲಿ ಕಾರ್ಯಕ್ರಮ?" ಎಂದು ನನ್ನ ಬೆನ್ನು ತಟ್ಟಿದರು. ಯಲ್ಲಾಪುರ ಎಂದೆ. ಅವರು ಪಕ್ಕದವರಿಗೂ ನನ್ನನ್ನು ತೋರಿಸಿದರು. ಬಾಯಿ ಬಿಡದೆ ನಾನು ಜಿಲ್ಲೆಗೇ ಕಲಾವಿದನಾಗುತ್ತಿದ್ದೆ. ಯಲ್ಲಾಪುರದ ಬಸ್ಸಿನಲ್ಲಿ ಕೂತವನು ತೀರ್ಮಾನ ಮಾಡಿದೆ, ಮದುವೆ ಮುರಿದರೆ ಮುರಿಯಲಿ, ಇವತ್ತು ಹೇಳಲೇಬೇಕು.

ಗುರುಗಳ ಮನೆಯ ಅಂಗಳದಲ್ಲಿ ಚಪ್ಪಲಿಗಳು ಸಾಲಾಗಿದ್ದವು. ಅವಳು ಜಗಲಿಯ ಮೆಟ್ಟಿಲ ಹತ್ತಿರ ತಂಬೂರಿಯ ಗವಸು ಮಡಿಸುತ್ತಾ ನಿಂತಿದ್ದಳು. ನನ್ನನ್ನು ನೋಡಿ ನಕ್ಕಳು. ಆ ನಗು ನೋಡಿದರೆ ಮತ್ತೆ ಸುಮ್ಮನಾಗಿಬಿಡುತ್ತೇನೆ ಎಂದು ಹೆದರಿ ಪೇಟಿಯನ್ನು ಕೆಳಗೂ ಇಡದೆ ಹೇಳಿದೆ.

"ನಿಮ್ಮತ್ರ ಒಂದು ಹೇಳವು. ಯಂಗೆ ನುಡಿಸ್ಲೆ ಬತ್ತಿಲ್ಲೆ."

"ಈ ಪೇಟಿಯಾ?"

"ಯಾವ್ದೂ."

"ಸಿತಾರು?"

"ಇಲ್ಲೆ."

"ತಬಲ?"

"ಇಲ್ಲೆ."

"ಮತ್ತೆ ಎಂತಕ್ಕೆ ತಂದ್ರಿ?"

"ಚೆಂದ ಇತ್ತು," ಎಂದೆ.

ಅವಳ ಮುಖ ಕೆಂಪಾಯಿತು. "ಎರಡು ತಿಂಗಳು ಬಾಯಲ್ಲಿ ಎಂತ ಇಟ್ಗಂಡಿದ್ರಿ? ಆನು ಎಲ್ಲರ ಹತ್ರ ಮಾಣಿ ನುಡಿಸ್ತ ಹೇಳಿ ಹೇಳ್ಕಂಡು ತಿರುಗಿದ್ದಿ," ಎಂದಳು. ದನಿ ಏರಿಸಲಿಲ್ಲ, ಒಳಗೆ ಜನ ಇದ್ದರು. ನಾನು ತಪ್ಪಾಯಿತು ಎಂದೆ. ಅವಳು ಗವಸನ್ನು ಇನ್ನೊಮ್ಮೆ ಮಡಿಸಿದಳು.

"ನಾಳೆ ಹಾಡೂದು ಬಿಡು ಹೇಳಿ ಹೇಳ್ತ್ರಾ?"

"ಇಲ್ಲೆ."

"ಹೆಂಗೆ ನಂಬವು?"

ಅವಳು ಒಳಗೆ ಹೋದಳು. ನಾನು ಅಲ್ಲೇ ತಿರುಗಿ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದೆನೇನೋ. ಅಷ್ಟರಲ್ಲಿ ಅವಳ ಅಪ್ಪ ಕಿಟಕಿಯಿಂದ ನೋಡಿ, ಬನ್ನಿ ಬನ್ನಿ ಎಂದು ಬಂದು ನನ್ನ ಕೈಯಿಂದ ಪೇಟಿಯನ್ನೇ ತೆಗೆದುಕೊಂಡು ಒಳಗೆ ನಡೆದರು.

ಗುರುಗಳು ಹಾವೇರಿ ಕಡೆಯವರು, ದೊಡ್ಡ ಮೈಯ ಮುದುಕರು. "ಬರ್ರಿ ಮಾಸ್ತರ್ರ, ಕುಂದರ್ರಿ. ಪೇಟಿ ಬಿಚ್ರಿ," ಎಂದು ತಮ್ಮ ಪಕ್ಕದ ಚಾಪೆ ತೋರಿಸಿದರು. ಇಪ್ಪತ್ತು ಇಪ್ಪತ್ತೈದು ಜನ ನನ್ನನ್ನೇ ನೋಡುತ್ತಿದ್ದರು. ನಾನು ಕೂತು ಪೇಟಿಯ ಹಗ್ಗ ಬಿಚ್ಚಿದೆ. ಆಗ ತಂಬೂರಿ ಹಿಡಿದು ಕೂತಿದ್ದ ಅವಳೇ ಮಾತಾಡಿದಳು.

"ಇವರಿಗೆ ನುಡಿಸೋಕೆ ಬರೋದಿಲ್ಲ, ಗುರುಗಳೇ. ಇವರು ಕೇಳೋಕೆ ಬಂದವರು."

ಅವಳ ಅಪ್ಪ ಕೂತಲ್ಲಿಂದ ಅರ್ಧ ಎದ್ದರು. ಗುರುಗಳು ಹೌದಾ ಎಂಬಂತೆ ನನ್ನ ಮುಖ ನೋಡಿ, ಕಂಬಳಿ ಸರಿಸಿ, ತಿದಿ ಎಳೆದು ಪೇಟಿಯ ಎರಡು ಮನೆ ಒತ್ತಿದರು. ಒಂದು ಕೀರಲಿತು, ಇನ್ನೊಂದು ಬರೇ ಉಸಿರು ಬಿಟ್ಟಿತು. "ಭಾಳ ಚಂದ ಐತಿ," ಎಂದರು. "ಅಲ್ಲೇ ಬಾಗಲ ಹತ್ರ ಇಡ್ರಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಮದುವೆ ಕೈ ಬಿಟ್ಟಿತು ಎಂದು ಆಗ ನನಗೆ ಖಾತ್ರಿಯಾಗಿತ್ತು, ಆದರೂ ಮೈ ಹಗುರಾಯಿತು. ಸಾಥಿಗೆ ಬೇರೊಬ್ಬ ಶಿಷ್ಯ ಬಂದು ಕೂತ, ನನ್ನನ್ನು ಎದುರಿನ ಸಾಲಿನಲ್ಲೇ ಕೂರಿಸಿದರು.

ಅವಳು ಎರಡು ಹಾಡಿದಳು. ರಾಗ ಯಾವುದೆಂದು ನನ್ನನ್ನು ಕೇಳಬೇಡಿ. ನನಗೆ ಗೊತ್ತಿರುವುದು ಗೆರೆ. ಮೊದಲನೆಯದನ್ನು ಅವಳು ಪೆನ್ಸಿಲನ್ನು ಒತ್ತಿ ಒತ್ತಿ ಗೆರೆ ಎಳೆದ ಹಾಗೆ ಹಾಡಿದಳು. ಎಲ್ಲೂ ತಪ್ಪಲಿಲ್ಲ, ಜನ ವಾಹ್ವಾ ಎಂದರು, ನನಗೆ ಮಾತ್ರ ಕಾಗದ ಹರಿಯುತ್ತದೆಯೇನೋ ಎಂದು ಹೆದರಿಕೆ. ಮುಗಿಸಿ ನೀರು ಕುಡಿದಳು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ತಂಬೂರಿ ಮೀಟಿದಳು. ಎರಡನೆಯದಕ್ಕೆ ಕೈ ಸಡಿಲಾಯಿತು. ಗೆರೆ ತಾನಾಗಿ ಬಾಗಿತು, ತಾನಾಗಿ ತಿರುಗಿತು. ಯಾರು ನೋಡಿದರೇನು ಎಂದು ಅಂಗಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡೆ.

ಮುಗಿದ ಮೇಲೆ ಎಲ್ಲರೂ ಅವಲಕ್ಕಿ ತಿನ್ನುತ್ತಿದ್ದಾಗ ನಾನು ಜಗಲಿಯಲ್ಲಿ ಪೇಟಿಗೆ ಮತ್ತೆ ಹಗ್ಗ ಕಟ್ಟುತ್ತಿದ್ದೆ. ಅವಳು ಚಹಾ ತಂದು ಕೊಟ್ಟಳು. "ಹೆಂಗಿತ್ತು?" ಎಂದಳು.

ಚೆನ್ನಾಗಿತ್ತು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಸಾಕಾಗಿತ್ತು ನನಗೆ ಆ ಕೆಲಸ. "ಎರಡನೇದು ಭಾರೀ ಚೆಂದ ಇತ್ತು. ಮೊದಲಿಂದು ಎಂತಕ್ಕೋ ಒತ್ತಿ ಹಾಡಿದಂಗಿತ್ತು," ಎಂದೆ. ಹೇಳಿದ ಮೇಲೆ, ಸರಿಗಮ ಬಾರದವನು ಇವಳ ಹಾಡು ತಿದ್ದಲು ಹೊರಟೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಅವಳು ನನ್ನ ಮುಖವನ್ನೇ ನೋಡಿದಳು. "ಮೊದಲಿಂದು ನಿಮ್ಮ ಮೇಲಿನ ಸಿಟ್ಟಲ್ಲಿ ಹಾಡಿದ್ದು," ಎಂದಳು. "ಬೇರೆ ಯಾರಿಗೂ ಗೊತ್ತಾಯ್ದಿಲ್ಲೆ."

ಆಮೇಲೆ ಬಗ್ಗಿ ನಾನು ಕಟ್ಟುತ್ತಿದ್ದ ಹಗ್ಗವನ್ನು ಕೈಯಿಂದ ಬಿಡಿಸಿಕೊಂಡಳು. ಪೇಟಿ ಇಲ್ಲೇ ಇರಲಿ, ಗುರುಗಳಿಗೆ ಹೇಳಿ ಸರಿ ಮಾಡಿಸಿಡುತ್ತೇನೆ, ಮದುವೆಯಾಗಿ ಸಿದ್ದಾಪುರಕ್ಕೆ ಬರುವಾಗ ನಾನೇ ತರುತ್ತೇನೆ ಎಂದಳು. ಒಳಗಿನಿಂದ ಅವಳ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು ಎಂದು ಕಾಣುತ್ತದೆ, ಕೆಮ್ಮಿ ಹೊರಗೆ ಬಂದು ನನಗೆ ಇನ್ನೊಂದು ತಟ್ಟೆ ಅವಲಕ್ಕಿ ಹಾಕಿಸಿದರು. ಎರಡು ತಿಂಗಳ ಹಸಿವೆಲ್ಲ ಅವತ್ತೇ ಬಂದಿತ್ತು, ಬೇಡ ಎನ್ನಲಿಲ್ಲ.

ಯಲ್ಲಾಪುರದಿಂದ ಶಿರಸಿಯವರೆಗೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಬರಿಗೈಯಲ್ಲಿ ಕಂಬಿ ಹಿಡಿದುಕೊಂಡು ಅಷ್ಟು ದೂರವೂ ನಿಂತೇ ಬಂದೆ, ಕಾಲು ನೋಯುತ್ತಿದೆ ಎನ್ನುವುದು ಶಿರಸಿಯಲ್ಲಿ ಇಳಿದ ಮೇಲೆ ಗೊತ್ತಾಯಿತು.